ಗೋಡೆಯ ಮೇಲಿರುವ ಇಪ್ಪತ್ತನಾಲ್ಕು ಡಿಗ್ರಿಯವರ ಸನ್ನಿಧಿಗೆ

ಮಾನ್ಯರೇ,

ಈ ಮನೆಯ ಹಿರಿಯಳೂ, ಮೂವತ್ತೊಂದು ವರ್ಷಗಳಿಂದ ಕೆಂಪು ಟೊಪ್ಪಿಗೆಯ ಗೋಲ್ಡ್‌ಫಿಷ್‌ಗಳನ್ನು ಮರಿ ಮಾಡಿಸುತ್ತಿರುವವಳೂ, ಮೀನು ಸಾಕುವವರ ಸಂಘದ ಸಭೆಯಲ್ಲಿ ಎದ್ದು ನಿಂತರೆ ಉಳಿದವರು ಪಿಸುಮಾತು ನಿಲ್ಲಿಸುವಷ್ಟು ಸ್ಥಾನವುಳ್ಳವಳೂ, ಹೈಸ್ಕೂಲಿನ ಕೊನೆಯ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ತರಗತಿಗೇ ಎರಡನೆಯವಳಾಗಿ ಬಂದವಳೂ (ಮೊದಲನೆಯವಳು ಮೇಷ್ಟರ ಮಗಳು; ಹೆಚ್ಚು ಹೇಳುವುದಿಲ್ಲ) ಆದ ನಾನು, ನಮ್ಮ ಮೀನುಮನೆಯ ಗೋಡೆಯ ಮೇಲೆ ನನ್ನ ತಲೆಗಿಂತ ಒಂದು ಗೇಣು ಎತ್ತರದಲ್ಲಿ ಮೊನ್ನೆಮೊನ್ನೆಯವರೆಗೆ ವಿರಾಜಮಾನರಾಗಿದ್ದ, ಬಿಳಿ ಮೈಯ, ಕೆಂಪು ಅಂಕಿಯ, ಹಸಿರು ದೀಪದ ಶಾಖ ನಿಯಂತ್ರಣ ಯಂತ್ರರಾದ ತಮಗೆ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ತಾವೇ ಗಂಟೆಗೊಮ್ಮೆ ನನ್ನ ಅಳಿಯನ ಫೋನಿಗೆ ತಿಳಿಸುತ್ತಿರುವುದರಿಂದ ಅದನ್ನು ವಿಚಾರಿಸುವ ತೊಂದರೆಯನ್ನು ತೆಗೆದುಕೊಳ್ಳುವುದಿಲ್ಲ.

ಈ ಪತ್ರವನ್ನು ಸಂಘದ ಮಾಸಪತ್ರಿಕೆಗೆ ಕೊಡುತ್ತಿರುವುದಕ್ಕೆ ಕಾರಣವಿದೆ. ತಮ್ಮ ಬಗ್ಗೆ ಮನೆಯೊಳಗೆ ಏನು ಹೇಳಿದರೂ ತಮ್ಮ ಪರವಾಗಿ ಅಳಿಯನೇ ಕೇಳಿಸಿಕೊಂಡು, "ಅತ್ತೆ, ಅದಕ್ಕೆ ಕಿವಿ ಇಲ್ಲ" ಅನ್ನುತ್ತಾನೆ. ಕಿವಿ ಇದ್ದೂ ಕೇಳಿಸಿಕೊಳ್ಳದ ಒಬ್ಬರ ಜೊತೆ ನಲವತ್ತೈದು ವರ್ಷ ಸಂಸಾರ ಮಾಡಿದ ನನಗೆ ಅದೊಂದು ದೊಡ್ಡ ಕೊರತೆಯಾಗಿ ಕಾಣುವುದಿಲ್ಲ. ಆದರೂ ನಾಲ್ಕು ಜನರೆದುರು ಹೇಳಿದರೆ ಗೋಡೆಗಾದರೂ ಸ್ವಲ್ಪ ನಾಚಿಕೆಯಾದೀತು ಎಂಬ ಆಸೆ.

ಮೊದಲು ತಮ್ಮ ಗುಣಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಒಬ್ಬರ ಮೇಲೆ ದೂರು ಕೊಡುವ ಮುನ್ನ ಅವರಲ್ಲಿರುವ ಒಳ್ಳೆಯದನ್ನು ಹೇಳಬೇಕೆಂದು ನನ್ನ ತಾಯಿ ಕಲಿಸಿದ್ದಾಳೆ. ತಾವು ಮಾತಿಗೆ ತಪ್ಪುವವರಲ್ಲ. ಇಪ್ಪತ್ತನಾಲ್ಕು ಎಂದರೆ ಇಪ್ಪತ್ತನಾಲ್ಕು. ಹೊರಗೆ ಬಿಸಿಲು ಸುಡಲಿ, ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟಲಿ, ತಮ್ಮ ಅಂಕಿ ಕದಲುವುದಿಲ್ಲ. ಐದು ನಿಮಿಷ ಅಂತ ಹೇಳಿ ಎರಡು ಗಂಟೆ ಮಾಡುವ ನನ್ನ ದೊಡ್ಡ ಮಗಳಿಗೂ, ಇವತ್ತೇ ಕೊನೆ ಅಂತ ಹೇಳಿ ನಾಳೆಯೂ ಸಕ್ಕರೆ ಡಬ್ಬಿಗೆ ಕೈ ಹಾಕುವ ನಮ್ಮ ಮನೆಯವರಿಗೂ ತಮ್ಮನ್ನು ತೋರಿಸಿ, "ನೋಡಿ ಕಲೀರಿ" ಎಂದು ಎಷ್ಟೋ ಸಲ ಹೇಳಿದ್ದೇನೆ. ಅವರು ಕಲಿತದ್ದು ಬೇರೆ. ತಾವು ಬಂದ ತಿಂಗಳೊಳಗೆ ನಮ್ಮ ಮನೆಯವರು ಬೆತ್ತದ ಕುರ್ಚಿಯನ್ನು ಮೀನುಮನೆಗೆ ಸಾಗಿಸಿ, ತಮ್ಮ ನೆರಳಿನಲ್ಲಿ ಪತ್ರಿಕೆ ಓದುತ್ತ ನಿದ್ದೆ ಹೋಗುವ ಅಭ್ಯಾಸ ಮಾಡಿಕೊಂಡರು. ಮಗಳು ಕಾಲುಚೀಲ ಒಣಗಿಸಲು ಅಲ್ಲೇ ಒಂದು ಹಗ್ಗ ಕಟ್ಟಿದಳು. ಪಕ್ಕದ ಮನೆಯ ಬೆಕ್ಕು ಕೂಡ ಮೀನು ಹಿಡಿಯುವ ಯೋಚನೆಯನ್ನೇ ಬಿಟ್ಟು ಕುರ್ಚಿಯ ಕೆಳಗೆ ಮಲಗಿತು. ಬೆಕ್ಕಿಗೆ ಈ ಮಟ್ಟದ ವೈರಾಗ್ಯ ತಂದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಲ್ಲರಿಗೂ ಸುಖ. ಅಲ್ಲೇ ತೊಂದರೆ ಶುರುವಾದದ್ದು.

ತಮ್ಮನ್ನು ತಂದದ್ದು ಯಾಕೆಂದು ತಮಗೆ ಗೊತ್ತಿರಲಾರದು. ಹಿಂದಿನ ವರ್ಷದ ಚಳಿಗಾಲಕ್ಕೆ ಮುಂಚೆ, ಮೀನುಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿಯಿತು. ಎಂಟು ವಾರ ಪ್ಲಾಸ್ಟರು, ಆಮೇಲೆ ತಣ್ಣೀರು ಮುಟ್ಟಬಾರದೆಂದು ಡಾಕ್ಟರ ಆಜ್ಞೆ. ಅದುವರೆಗೆ ಪ್ರತಿ ತೊಟ್ಟಿಯ ನೀರಿನ ಹದವನ್ನು ನಾನು ಮೊಣಕೈ ಅದ್ದಿ ನೋಡುತ್ತಿದ್ದೆ, ಕೂಸಿಗೆ ಸ್ನಾನದ ನೀರು ನೋಡುವ ಹಾಗೆ. ನೋಡಿದ್ದನ್ನು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ನನ್ನದೇ ಮಾತಿನಲ್ಲಿ ಬರೆಯುತ್ತಿದ್ದೆ: ‘ಹಿತ’, ‘ಚುರುಕು’, ‘ಜುಂ’. ಅಳಿಯ ಅಂಕಿಯ ಮನುಷ್ಯ, ನಕ್ಷೆ ಬರೆಯುವ ಕೆಲಸದವನು. ಒಂದು ಗೆರೆ ಕೂದಲೆಳೆಯಷ್ಟು ಓರೆಯಾದರೂ ಅವನಿಗೆ ನಿದ್ದೆ ಬರುವುದಿಲ್ಲ. ಅವನು ನನ್ನ ನೋಟ್‌ಬುಕ್ಕನ್ನು ಒಂದೂ ಪುಟ ಬಿಡದೆ ಓದಿ, "ಅತ್ತೆ, ನೀವು ಆರಾಮಾಗಿರಿ, ಎಲ್ಲಾ ಇದರಲ್ಲಿದೆ, ನಾನು ನೋಡ್ಕೋತೀನಿ" ಎಂದು ತಮ್ಮನ್ನು ತಂದು ಗೋಡೆಗೆ ಮೊಳೆ ಹೊಡೆದು ಕೂರಿಸಿದ. ತಮ್ಮ ಜೊತೆ ಬಂದ ಕಾಗದದಲ್ಲಿ ಗೋಲ್ಡ್‌ಫಿಷ್‌ಗೆ ಇಪ್ಪತ್ತನಾಲ್ಕು ಡಿಗ್ರಿ ಅತ್ಯಂತ ಸುಖಕರ ಎಂದು ಅಚ್ಚಾಗಿತ್ತು. ಸುಖಕರ ಎಂಬುದು ಸುಳ್ಳಲ್ಲ. ಹಾಸಿಗೆ ಕೂಡ ಸುಖಕರವೇ. ಅದರ ಮೇಲೆಯೇ ವರ್ಷ ಕಳೆದವರು ಏನಾಗುತ್ತಾರೆಂದು ಆ ಎಂಟು ವಾರದಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಇನ್ನು ತಮಗೆ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಈ ಮೀನುಗಳು ತಮ್ಮ ಹಾಗೆ ಕ್ಯಾಲೆಂಡರು ಒಳಗಿಟ್ಟುಕೊಂಡು ಹುಟ್ಟಿದವಲ್ಲ. ಅವಕ್ಕೆ ಕಾಲ ತಿಳಿಸುವುದು ನೀರು. ನೀರು ಮೈ ಜುಂ ಅನ್ನುವಷ್ಟು ತಣ್ಣಗಾಗಿ ಆರು ವಾರ ಹಾಗೇ ಇರಬೇಕು. ಆಗ ಅವು ಮೇವು ಬಿಟ್ಟು, ತಳ ಹಿಡಿದು, ಮೌನವಾಗಿ ನಿಲ್ಲುತ್ತವೆ. ಆಮೇಲೆ ದಿನಕ್ಕೊಂದು ಡಿಗ್ರಿಯಂತೆ ನೀರು ಮೆಲ್ಲಗೆ ಬೆಚ್ಚಗಾಗತೊಡಗಿದರೆ, ಚಳಿ ಮುಗಿಯಿತು, ಇನ್ನು ಮರಿಗಳಿಗೆ ತಿನ್ನಲು ಸಿಗುತ್ತದೆ ಎಂದು ಅವುಗಳ ಮೈಗೇ ತಿಳಿದು, ಹೆಣ್ಣುಗಳ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತದೆ, ಗಂಡುಗಳ ಕಿವಿರಿನ ಮುಚ್ಚಳದ ಮೇಲೆ ನುಚ್ಚು ಚೆಲ್ಲಿದಂಥ ಬಿಳಿ ಚುಕ್ಕೆಗಳು ಏಳುತ್ತವೆ. ಆ ಚುಕ್ಕೆಗಳೇ ಅವುಗಳ ಮದುವೆಯ ಉಡುಪು. ತಾವು ಈ ಬಡಪಾಯಿಗಳಿಗೆ ವರ್ಷವಿಡೀ ಒಂದೇ ಮಧ್ಯಾಹ್ನವನ್ನು ದಯಪಾಲಿಸಿದಿರಿ. ಯಾವತ್ತೂ ಚಳಿಯೇ ಬಾರದಿದ್ದ ಮೇಲೆ ಅದು ಮುಗಿಯಿತೆಂದು ಸಂಭ್ರಮಪಡುವುದು ಹೇಗೆ?

ಹೀಗಾಗಿ ಕಳೆದ ವಸಂತದಲ್ಲಿ ನಾನು ಪ್ಲಾಸ್ಟರು ಬಿಚ್ಚಿಸಿ, ಡಾಕ್ಟರ ಆಜ್ಞೆಯೂ ಸಡಿಲವಾದ ಮೇಲೆ ಮೀನುಮನೆಗೆ ಕಾಲಿಟ್ಟಾಗ ಕಂಡದ್ದು ಎಂಟು ಗುಂಡಗಿನ ಹೆಣ್ಣುಗಳನ್ನು. ಹೊಟ್ಟೆ ದಪ್ಪ, ಆದರೆ ಮೊಟ್ಟೆಯಿಂದಲ್ಲ, ಮೇವಿನಿಂದ. ಗಂಡುಗಳ ಕಿವಿರು ನುಣ್ಣಗಿತ್ತು, ಒಂದು ಚುಕ್ಕೆಯೂ ಇಲ್ಲ. ಬೆನ್ನಟ್ಟುವ ಮಾತಂತೂ ದೂರ, ಎದುರು ಸಿಕ್ಕರೆ ದಾರಿ ಬಿಟ್ಟುಕೊಟ್ಟು ಹೋಗುವ ಸಜ್ಜನಿಕೆ. ಮೊಟ್ಟೆ ಅಂಟಲೆಂದು ನಾನು ನೂಲಿನ ಜೊಂಪೆಗಳನ್ನು ಇಳಿಬಿಟ್ಟು ಒಂದೂವರೆ ತಿಂಗಳು ಕಾದೆ. ಜೊಂಪೆಗಳಿಗೆ ಪಾಚಿ ಅಂಟಿತು. ತಾವು ಅಳಿಯನ ಫೋನಿಗೆ ‘ಎಲ್ಲವೂ ಸರಿಯಾಗಿದೆ’ ಎಂದು ಕಳಿಸುತ್ತಲೇ ಇದ್ದಿರಿ.

ಒಂದು ವರ್ಷ ಮರಿ ಆಗದಿದ್ದರೆ ಲೋಕವೇನು ಮುಳುಗಿಹೋಗುತ್ತದೆ ಎಂದು ತಾವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು, ಕುರ್ಚಿಯಿಂದ ಏಳದೆ. ನಮ್ಮ ಹೆಣ್ಣುಗಳಲ್ಲಿ ಒಬ್ಬಳಿದ್ದಾಳೆ, ನಾನು ದೊಡ್ಡಮ್ಮ ಎಂದು ಕರೆಯುವವಳು. ಹಾಲಿನ ಬಿಳುಪಿನ ಮೈ, ತಲೆಯ ಮೇಲೆ ಸರಿಯಾಗಿ ನಡುಮಧ್ಯಕ್ಕೆ ಕೂತ ಕೆಂಪು ಟೊಪ್ಪಿಗೆ, ಒಂದು ಚೂರೂ ಕಣ್ಣಿನ ಕಡೆ ಜಾರಿಲ್ಲ. ಮೂವತ್ತೊಂದು ವರ್ಷದ ಹಿಂದೆ ಮುಚ್ಚಳವಿರುವ ಹಾಲಿನ ಕ್ಯಾನಿನಲ್ಲಿ ನಾನು ತಂದ ಮೂರು ಮೀನುಗಳ ನೇರ ಸಂತತಿಯಲ್ಲಿ, ನನ್ನ ಕೈ ಮುರಿದ ವರ್ಷದ ಬೇಸಿಗೆಯಲ್ಲಿ ಬಂದ ರೋಗದಿಂದ ಉಳಿದ ಹೆಣ್ಣು ಅವಳೊಬ್ಬಳೇ. ಮಿಕ್ಕ ಏಳು ಆಮೇಲೆ ಬೇರೆಯವರಿಂದ ತಂದವು. ಅವುಗಳ ಟೊಪ್ಪಿಗೆ ನೋಡಿದರೆ ಗಾಳಿಯಲ್ಲಿ ಓಡಿಬಂದವರ ಟೊಪ್ಪಿಗೆಯ ಹಾಗೆ ಓರೆ. ದೊಡ್ಡಮ್ಮನಿಗೆ ಈಗ ಆರು ವರ್ಷ ತುಂಬಿದೆ. ಇನ್ನೊಂದು ವರ್ಷ ದಾಟಿದರೆ ಅವಳು ಮೊಟ್ಟೆ ಇಡುವುದು ಸಂಶಯ. ಈ ವಸಂತ ತಪ್ಪಿದರೆ ಆ ಟೊಪ್ಪಿಗೆ ಇನ್ನೆಲ್ಲೂ ಇಲ್ಲ.

ತಪ್ಪೆಲ್ಲ ತಮ್ಮದೇ ಎಂದರೆ ಅನ್ಯಾಯವಾದೀತು. ತಮಗೆ ಚಳಿಗಾಲದ ವಿಷಯವನ್ನು ಯಾರೂ ತಿಳಿಸಲಿಲ್ಲ. ಯಾಕೆ ತಿಳಿಸಲಿಲ್ಲ ಎಂಬುದು ನನಗೆ ಗೊತ್ತಾದದ್ದು ಈ ವರ್ಷ ಚಳಿ ಶುರುವಾಗುವ ಹೊತ್ತಿಗೆ. ಅಳಿಯ ನೀಲಿ ನೋಟ್‌ಬುಕ್ಕು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ಸಂಕೋಚದಿಂದ, "ಅತ್ತೆ, ಈ ಸಲಾನೂ ನಾದಿನಿಯನ್ನ ಕರೆಸಬೇಕಾ?" ಎಂದು ಕೇಳಿದ. ಅವನ ನಾದಿನಿ ಎಂದರೆ ನನ್ನ ಚಿಕ್ಕ ಮಗಳು, ಬೇರೆ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಅವಳನ್ನು ಯಾಕೆ ಕರೆಸಬೇಕೆಂದು ನಾನು ಕೇಳಿದರೆ, ಅವನು ಪುಟ ತೆಗೆದು ಬೆರಳಿಟ್ಟು ತೋರಿಸಿದ.

ಅಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: ‘ಹೆಣ್ಣುಗಳು ತವರಿಗೆ. ನಲವತ್ತು ದಿನ. ಮೇವು ಕಡಿಮೆ.’

ಮಾನ್ಯರೇ, ಮೀನುಮನೆಯ ಹಿಂದೆ, ಬಿಸಿಲು ಬೀಳದ ಮಗ್ಗುಲಲ್ಲಿ, ಒಂದು ಕಲ್ಲಿನ ತೊಟ್ಟಿಯಿದೆ. ನನ್ನ ತಾಯಿ ಬಟ್ಟೆ ನೆನೆಹಾಕುತ್ತಿದ್ದ ತೊಟ್ಟಿ ಅದು. ಅವಳ ಮನೆ ಮಾರಿದಾಗ ಉಳಿದವರು ಪಾತ್ರೆ ಹಂಚಿಕೊಂಡರು, ನಾನು ಇದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದೆ. ನನ್ನ ತವರಿನಿಂದ ಬಂದ ತೊಟ್ಟಿ, ಆದ್ದರಿಂದ ಅದರ ಹೆಸರು ತವರು. ಚಳಿಗಾಲದಲ್ಲಿ ಹೆಣ್ಣುಮೀನುಗಳನ್ನು ನಾನು ಅಲ್ಲಿಗೆ ಕಳಿಸುತ್ತೇನೆ. ಗಂಡುಗಳು ಅದರ ಪಕ್ಕದ ಹಳೆಯ ಸ್ನಾನದ ತೊಟ್ಟಿಗೆ. ಅದಕ್ಕೆ ಹಾಸ್ಟೆಲು ಎಂದು ಹೆಸರು. ನೋಟ್‌ಬುಕ್ಕಿನಲ್ಲಿ ‘ಗಂಡುಗಳು ಹಾಸ್ಟೆಲಿಗೆ’ ಎಂದೂ ಬರೆದಿತ್ತು. ನಮ್ಮ ಮನೆಯಲ್ಲಿ ಹಾಸ್ಟೆಲಿಗೆ ಹೋಗುವ ವಯಸ್ಸಿನ ಗಂಡು ಯಾರೂ ಇಲ್ಲದ್ದರಿಂದ ಅಳಿಯ ಆ ಸಾಲನ್ನು ಹಳೆಯ ಕಾಲದ್ದೆಂದು ಬಿಟ್ಟನಂತೆ. ತವರಿನ ಸಾಲನ್ನು ಮಾತ್ರ ಬಿಡಲಿಲ್ಲ. ಅದು ಮನೆಯ ವಿಷಯ, ಮೀನಿನ ಪುಸ್ತಕದಲ್ಲಿ ಅತ್ತೆ ಮರೆಯದಿರಲೆಂದು ಬರೆದುಕೊಂಡಿದ್ದಾರೆ ಎಂದುಕೊಂಡು, ಹಿಂದಿನ ವರ್ಷ ನನ್ನ ಚಿಕ್ಕ ಮಗಳಿಗೆ ಫೋನು ಮಾಡಿ ನಲವತ್ತು ದಿನಕ್ಕೆ ಕರೆಸಿದ್ದ.

ಆಗ ನನಗೆ ಎಲ್ಲವೂ ನೆನಪಾಯಿತು. ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಲ್ಲಿಂದ ನಾನು, "ಹೆಣ್ಣುಗಳನ್ನ ತವರಿಗೆ ಕಳಿಸಿದ್ಯೇನಪ್ಪಾ?" ಎಂದು ಕೇಳಿದ್ದೆ, ಅವನು, "ಒಬ್ಬರು ಇಲ್ಲೇ ಇದ್ದಾರಲ್ಲ ಅತ್ತೆ, ಇನ್ನೊಬ್ಬರು ನಾಳೆ ಬರ್ತಾರೆ" ಎಂದಿದ್ದ. ಎಂಟರಲ್ಲಿ ಆರು ಎಲ್ಲಿ ಹೋದವು ಎಂದು ನಾನು ಕೇಳಬೇಕಿತ್ತು. ನೋವಿನ ಮಾತ್ರೆಯ ಮಂಪರಿನಲ್ಲಿ ಕೇಳಲಿಲ್ಲ. ಮಾರನೆಯ ದಿನ ಚಿಕ್ಕವಳು ಎರಡು ಸೂಟ್‌ಕೇಸು ಹಿಡಿದು, "ಅಮ್ಮಾ, ನೀನು ಕರೆದೆ ಅಂತ ಭಾವ ಹೇಳಿದ್ರು, ಅಂಗಡಿಗೆ ಬೀಗ ಹಾಕಿ ಬಂದ್ಬಿಟ್ಟೆ" ಎಂದು ಮಂಚದ ತುದಿಗೆ ಕೂತು ಅತ್ತಳು. ಬಂದ ಮಗಳನ್ನು ಯಾಕೆ ಬಂದೆ ಎಂದು ಕೇಳುವವಳು ನಾನಲ್ಲ. ನಲವತ್ತು ದಿನ ಇದ್ದಳು, ನನ್ನ ತಲೆ ಬಾಚಿದಳು, ಅಕ್ಕನೊಡನೆ ಜಗಳವಾಡಿದಳು, ಹೋದಳು. ಈಗ ಅಳಿಯನನ್ನು, "ಮತ್ತೆ ‘ಮೇವು ಕಡಿಮೆ’ ಅಂತ ಬರೆದಿದ್ದೆನಲ್ಲ, ಅದಕ್ಕೇನು ಮಾಡಿದೆ?" ಎಂದು ಕೇಳಿದೆ. ಅವನು ನೆಲ ನೋಡುತ್ತ, "ಅದನ್ನ ಮಾತ್ರ ಅವಳಿಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ ಅತ್ತೆ" ಎಂದ. ದೊಡ್ಡ ಮಗಳು ಸಿಂಕಿನ ಮುಂದೆ ನಿಂತು ಎಷ್ಟು ನಕ್ಕಳೆಂದರೆ ತೊಳೆಯುತ್ತಿದ್ದ ಲೋಟ ಕೈಜಾರಿತು.

ನಾನು ನಗಲಿಲ್ಲ. ನೇರವಾಗಿ ತಮ್ಮ ಬಳಿಗೆ ಬಂದು, ಸ್ಟೂಲಿನ ಮೇಲೆ ಹತ್ತಿ, ತಮ್ಮ ಇಳಿಕೆಯ ಗುಂಡಿಯನ್ನು ಒತ್ತಿದ್ದು ತಮಗೆ ನೆನಪಿರಬೇಕು. ನನಗೆ ಬೇಕಾದದ್ದು ಹದಿಮೂರು. ತಾವು ಹದಿನೆಂಟರವರೆಗೆ ಬಂದು, ಅಲ್ಲಿ ನಿಂತು, ‘ಸುರಕ್ಷತಾ ಮಿತಿ, ಅನುಮತಿ ಇಲ್ಲ’ ಎಂದು ತೋರಿಸಿದಿರಿ. ಮತ್ತೆ ಒತ್ತಿದೆ, ಮತ್ತೆ ಅದೇ. ಮೂವತ್ತೊಂದು ವರ್ಷದ ಮೊಣಕೈಗೆ ಒಂದು ವರ್ಷದ ಪೆಟ್ಟಿಗೆ ಅನುಮತಿ ನಿರಾಕರಿಸಿದ್ದನ್ನು ನೋಡಿ ನನಗೆ ಕೋಪಕ್ಕಿಂತ ಗೌರವವೇ ಹೆಚ್ಚು ಬಂತು, ಏಕೆಂದರೆ ಈ ಮನೆಯಲ್ಲಿ ನನಗೆ ‘ಆಗುವುದಿಲ್ಲ’ ಎಂದವರು ಅದುವರೆಗೆ ಯಾರೂ ಇರಲಿಲ್ಲ.

ಆಗ ನಿಂತಲ್ಲೇ ತಮಗೆ ಕೆಲವು ವಿನಂತಿಗಳನ್ನು ಮಾಡಿಕೊಂಡೆ. ಉತ್ತರ ಬಾರದ್ದರಿಂದ ಅವನ್ನು ಇಲ್ಲಿ ಮತ್ತೆ ದಾಖಲಿಸುತ್ತೇನೆ. ದಯವಿಟ್ಟು ತಾವು ಒಂದೇ ಒಂದು ಸಲ ನಡುಗಿ ನೋಡಬೇಕು. ತಮಗೆ ನೆಗಡಿಯಾಗಿ ಒಂದು ವಾರ ಮೂಗು ಕಟ್ಟಬೇಕು, ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ಗಾಳಿ ಬೆಚ್ಚಗಿದೆಯಲ್ಲ ಎಂದು ಆಶ್ಚರ್ಯವಾಗಬೇಕು. ಅದು ಸಾಧ್ಯವಿಲ್ಲದಿದ್ದರೆ ನಲವತ್ತು ದಿನ ರಜೆ ಹಾಕಿ ತಾವೂ ತಮ್ಮ ತವರಿಗೆ, ಅಂದರೆ ಆ ರಟ್ಟಿನ ಡಬ್ಬಿಗೆ, ಹೋಗಿ ಬರಬೇಕು. ಅದೂ ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ಗಂಟೆಯಾದರೂ ಅಳಿಯನ ಫೋನಿಗೆ ‘ನನಗೆ ಗೊತ್ತಿಲ್ಲ, ಅತ್ತೆಯನ್ನು ಕೇಳು’ ಎಂಬ ಸಂದೇಶ ಕಳಿಸಬೇಕು.

ತಾವು ಇಪ್ಪತ್ತನಾಲ್ಕಕ್ಕೆ ವಾಪಸು ಹೋದಿರಿ. ನಾನು ಮೀನುಗಳನ್ನೇ ಕರೆದುಕೊಂಡು ಹೋದೆ.

ಅದನ್ನು ಒಮ್ಮೆಗೇ ಮಾಡಲಿಲ್ಲವೆಂದು ತಿಳಿದವರಿಗೆ ಹೇಳಬೇಕಿಲ್ಲ. ಸೆಖೆಯಿಂದ ಎತ್ತಿ ಐಸಿಗೆ ಹಾಕಿದರೆ ಮೀನು ಉಳಿಯುವುದಿಲ್ಲ. ಹತ್ತು ದಿನ ಬಕೆಟ್ಟಿನಿಂದ ಬಕೆಟ್ಟಿಗೆ, ದಿನಕ್ಕೊಂದು ಡಿಗ್ರಿ ಇಳಿಸಿ, ಹನ್ನೊಂದನೆಯ ದಿನ ಹೆಣ್ಣುಗಳು ತವರಿಗೆ, ಗಂಡುಗಳು ಹಾಸ್ಟೆಲಿಗೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು, ಮನೆಯವರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಪತ್ರಿಕೆಯಲ್ಲಿ ಒಪ್ಪಿಕೊಳ್ಳುವುದು ನನಗೆ ಸುಲಭ. ಮೊದಲ ದಿನ ಆ ತೊಟ್ಟಿಗೆ ಮೊಣಕೈ ಅದ್ದಿದಾಗ ಮುರಿದ ಮಣಿಕಟ್ಟು ಕಿವಿಯವರೆಗೆ ಕೂಗಿತು. ಈಗ ನನ್ನ ಬೆರಳುಗಳು ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಮಡಚುವುದಿಲ್ಲ. ಅಳಿಯ ತಮ್ಮನ್ನು ತಂದದ್ದು ಮೀನಿನ ಸುಖಕ್ಕಲ್ಲ, ಈ ಕೈ ಮತ್ತೆ ಚಳಿ ನೀರಿಗೆ ಇಳಿಯದಿರಲಿ ಎಂದು. ಅದನ್ನು ಅವನು ಒಂದು ಸಲವೂ ಬಾಯಿ ಬಿಟ್ಟು ಹೇಳಿಲ್ಲ. ಮಗಳು ಹೇಳಿದಳು: "ಅಮ್ಮಾ, ಅವರಿಗೆ ಮೀನು ಅಂದ್ರೆ ತಿಳಿಯಲ್ಲ, ನಿನ್ನ ಕೈ ಅಂದ್ರೆ ತಿಳಿಯತ್ತೆ ಕಣೇ."

ಆದ್ದರಿಂದ ಎರಡನೆಯ ದಿನ ಅಳಿಯನ ಅಂಗಿಯ ತೋಳನ್ನು ನಾನೇ ಮೇಲಕ್ಕೆ ಮಡಚಿದೆ. ಮಿಕ್ಕ ಅಷ್ಟೂ ದಿನ ತವರಿನ ನೀರು ನೋಡಿದ್ದು ಅವನ ಮೊಣಕೈ. ಜೇಬಿನಲ್ಲಿ ಥರ್ಮಾಮೀಟರು ಇಟ್ಟುಕೊಂಡು ಬರುತ್ತಿದ್ದ. ಮೊದಲು ಕೈ ಅದ್ದಿ ಮಾತು ಹೇಳಬೇಕು, ಆಮೇಲೆ ಅಂಕಿ ನೋಡಬೇಕು ಎಂದು ನಿಯಮ ಮಾಡಿದೆ. ಮೊದಲ ವಾರ ಅವನ ಮಾತು ಒಂದೇ, "ಅಯ್ಯಯ್ಯೋ". ಅದನ್ನೇ ಬರೆ ಎಂದೆ. ಆರನೆಯ ವಾರದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಅವನ ನೆಟ್ಟನೆಯ ಅಕ್ಷರದಲ್ಲಿ, ‘ಜುಂ, ಆದರೆ ನಿನ್ನೆಯಷ್ಟು ಇಲ್ಲ’ ಎಂದಿತ್ತು. ಥರ್ಮಾಮೀಟರು ಕೂಡ ಅರ್ಧ ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಅವನು ಎರಡನ್ನೂ ಮೂರು ಸಲ ನೋಡಿದ.

ಆಮೇಲೆ ದಿನಕ್ಕೊಂದು ಚೊಂಬು ಬಿಸಿನೀರು, ಎರಡು, ಮೂರು. ಎಂಟನೆಯ ದಿನ ಹೆಣ್ಣುಗಂಡುಗಳನ್ನೆಲ್ಲ ಕಿಟಕಿ ಪಕ್ಕದ ಗಾಜಿನ ತೊಟ್ಟಿಗೆ ಬಿಟ್ಟು, ಜೊಂಪೆಗಳನ್ನು ಇಳಿಬಿಟ್ಟೆವು. ಗಂಡುಗಳ ಕಿವಿರಿನ ಮೇಲೆ ನುಚ್ಚು ಎದ್ದಿತ್ತು. ಸಜ್ಜನಿಕೆ ಹೋಗಿತ್ತು. ಹಿಂದಿನ ಭಾನುವಾರ ಬೆಳಕು ಹರಿಯುವಾಗ ನೀರು ಬಡಿಯುವ ಸದ್ದಿಗೆ ನಮ್ಮ ಮನೆಯವರು ಕೂಡ ಎದ್ದು ಬಂದರು. ಮಿಕ್ಕ ಏಳು ಹೆಣ್ಣುಗಳು ಒಂದರ ಹಿಂದೆ ಒಂದು ಜೊಂಪೆಗೆ ಮೈ ಉಜ್ಜಿ ಮೊಟ್ಟೆ ಇಟ್ಟವು. ದೊಡ್ಡಮ್ಮ ಮೂಲೆಯಲ್ಲಿ ನಿಂತೇ ಇದ್ದಳು. ಭಾನುವಾರ ಹೋಯಿತು, ಸೋಮವಾರ ಹೋಯಿತು. ಮಂಗಳವಾರ ಬೆಳಿಗ್ಗೆ ನಾನು ಬಾಗಿಲ ಬಳಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಅಳಿಯನ ಕೂಗು, "ಅತ್ತೆ, ಬನ್ನಿ, ದೊಡ್ಡಮ್ಮ! ದೊಡ್ಡಮ್ಮ!" ಹೋಗಿ ನೋಡಿದರೆ ಒಂದು ಜೊಂಪೆಯ ಅರ್ಧಕ್ಕೆ, ಎಳೆ ಎಳೆಗೂ, ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳು. ಪ್ರಾಯದಲ್ಲಿ ಅವಳು ಐದು ಜೊಂಪೆ ತುಂಬಿಸುತ್ತಿದ್ದಳು. ಅರ್ಧ ಸಾಕು. ಅಂಕಿಯ ಮನುಷ್ಯ ಕಣ್ಣೊರೆಸಿಕೊಳ್ಳುತ್ತಿದ್ದ, ಒದ್ದೆ ಮೊಣಕೈಯಿಂದ.

ಈಗ ತಮ್ಮ ವಿಷಯ. ತಮ್ಮನ್ನು ಕಿತ್ತು ಗುಜರಿಗೆ ಹಾಕುತ್ತೇನೆಂದು ಮನೆಯವರೆಲ್ಲ ಎಣಿಸಿದ್ದರು. ಆದರೆ ಮೊಟ್ಟೆಗೆ ಚಳಿಗಾಲ ಬೇಡ, ವಸಂತವೂ ಬೇಡ; ಅದಕ್ಕೆ ಬೇಕಾದದ್ದು ಕದಲದ ನೀರು, ಒಡೆದು ಹೊರಬಂದ ಕಣ್ಣಿಗೆ ಕಾಣದ ಮರಿಗೂ ಹಾಗೆಯೇ. ಮೊಂಡುತನವೇ ಬೇಕಾದ ಕೆಲಸ ಈ ಮೀನುಮನೆಯಲ್ಲಿ ಅದೊಂದೇ, ಅದಕ್ಕೆ ತಮಗಿಂತ ಯೋಗ್ಯರು ನಾನೊಬ್ಬಳೇ, ನನ್ನ ಕೈ ಸರಿಯಿಲ್ಲ. ಆದುದರಿಂದ ಮಂಗಳವಾರ ಮಧ್ಯಾಹ್ನವೇ ತಮ್ಮನ್ನು ದೊಡ್ಡ ತೊಟ್ಟಿಯ ಗೋಡೆಯಿಂದ ಇಳಿಸಿ, ಮೊಟ್ಟೆಯ ಜೊಂಪೆಗಳನ್ನು ಸಾಗಿಸಿದ ಮರಿಗಳ ಸಣ್ಣ ತೊಟ್ಟಿಯ ಮೇಲೆ, ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಕೂರಿಸಿದ್ದೇನೆ. ಅಂಕಿಯನ್ನು ಇಪ್ಪತ್ತೆರಡಕ್ಕೆ ಇಳಿಸಿದ್ದೇನೆ. ಇದನ್ನು ಹಿಂಬಡ್ತಿ ಎಂದು ಭಾವಿಸಬಾರದು. ಇಂದು ಬೆಳಿಗ್ಗೆ ಗಾಜಿಗೆ ಅಂಟಿಕೊಂಡು ರೆಪ್ಪೆಕೂದಲಿನಂಥ ನೂರಾರು ಜೀವಗಳು ನಿಂತಿದ್ದವು. ಯಾರ ತಲೆಯ ಮೇಲೆ ಟೊಪ್ಪಿಗೆ ನೆಟ್ಟಗೆ ಕೂರುತ್ತದೆ ಎಂಬುದು ಗೊತ್ತಾಗಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಅವು ತಮ್ಮ ಸುಪರ್ದಿನಲ್ಲಿರುತ್ತವೆ. ನೀಲಿ ನೋಟ್‌ಬುಕ್ಕನ್ನು ಅಳಿಯನಿಗೆ ಕೊಟ್ಟಾಗಿದೆ.

ಮಂಗಳವಾರದಿಂದ ಈಚೆಗೆ ಮಾತ್ರ
ತಮ್ಮ ವಿಶ್ವಾಸಿ,
ಮೀನುಮನೆಯ ಹಿರಿಯಳು

ತಾ.ಕ.: ಮೀನುಗಳು ತವರಿನಲ್ಲಿದ್ದ ಅಷ್ಟೂ ದಿನ ತಾವು ಒಂದೇ ಒಂದು ಮೀನಿಲ್ಲದ ದೊಡ್ಡ ತೊಟ್ಟಿಯನ್ನು ಇಪ್ಪತ್ತನಾಲ್ಕು ಡಿಗ್ರಿಯಲ್ಲಿ ಕಾಯಿಸುತ್ತ, ಗಂಟೆಗೊಮ್ಮೆ ‘ಎಲ್ಲವೂ ಸರಿಯಾಗಿದೆ’ ಎಂದು ತಿಳಿಸುತ್ತಿದ್ದಿರೆಂದು ಅಳಿಯ ಲೆಕ್ಕ ತೋರಿಸಿದ. ಬೆತ್ತದ ಕುರ್ಚಿಯಲ್ಲಿ ಅದೇ ನಲವತ್ತು ದಿನ ಅದೇ ಖಾಲಿ ತೊಟ್ಟಿಯ ಎದುರು ಕೂತು, "ಮೀನು ಈಗ ಎಷ್ಟು ಶಾಂತವಾಗಿವೆ ನೋಡೇ" ಎಂದು ನನಗೆ ವರದಿ ಮಾಡುತ್ತಿದ್ದವರು ಒಬ್ಬರಿದ್ದಾರೆ. ತಾವಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರಿರಿ ಎಂದು ತಿಳಿದು, ಅವರ ಕುರ್ಚಿಯನ್ನೂ ತಮ್ಮ ಹೊಸ ಗೋಡೆಯ ಬಳಿಗೆ ವರ್ಗಾಯಿಸಿದ್ದೇನೆ. ಮರಿಗಳು ಇವೆಯೋ ಇಲ್ಲವೋ ಎಂಬುದನ್ನು ಮಾತ್ರ ನಾನೇ ನೋಡಿಕೊಳ್ಳುತ್ತೇನೆ.